ಊರ್ಮಿಳೆ ಏನು ಮಾಡುತ್ತಿದ್ದಳು?

ಕಳೆದ ವರ್ಷ ನಮ್ಮ ಕಾಲೇಜಿನ ಸಾಹಿತ್ಯ ಸಂಘದ ಸಭೆಯೊಂದರಲ್ಲಿ ಪುಸ್ತಕ ಪರಿಚಯ ಮಾಡುವ ಸರದಿ ನನ್ನದಾಗಿತ್ತು. ಇಂಗ್ಲಿಷ್ ಉಪನ್ಯಾಸಕರು ವಿಶ್ವಾಸದಿಂದ ಓದಲು ಕೊಟ್ಟಿದ್ದ 'ಸರ್ಸಿ' ಎಂಬ ಕಾದಂಬರಿಯನ್ನು, ನಿಘಂಟನ್ನು ಮಗ್ಗುಲಲ್ಲಿರಿಸಿಕೊಂಡು ಒಂದು ತಿಂಗಳ ಕಾಲ ಪಟ್ಟುಹಿಡಿದು ಓದಿ ಮುಗಿಸಿದ್ದೆ. ನನ್ನ ಮಾತು ಮುಗಿದೊಡನೆ ಇಬ್ಬರು ಮಿತ್ರರು ಎದ್ದುನಿಂತರು. ಹಿರಿಯ ತರಗತಿಯವರೊಬ್ಬರು, "ಹಿಂದಿನವರು ಹೇಳಿದ ಪುರಾಣವನ್ನು ಮನಬಂದಂತೆ ತಿರುಚಲು ಈ ಲೇಖಕರಿಗೆ ಅಧಿಕಾರ ಕೊಟ್ಟವರು ಯಾರು?" ಎಂದು ಕೇಳಿದರು. ಇನ್ನೊಬ್ಬರು ನನ್ನ ನೆರೆಯವರೇ. ಅವರು, "ಗ್ರೀಸ್ ದೇಶದ ಒಬ್ಬ ದೇವತೆಯ ದುಃಖವನ್ನು ಕಟ್ಟಿಕೊಂಡು ಯಡ್ತರೆಯವರಿಗೆ ಆಗಬೇಕಾದದ್ದೇನು?" ಎಂದರು. ಸಭೆ ನಕ್ಕಿತು, ನಾನೂ ನಕ್ಕೆ. ಆದರೆ ಆ ಹೊತ್ತಿಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಉತ್ತರ ಹೊಳೆಯುವುದು ಸಾಮಾನ್ಯವಾಗಿ ಮನೆಗೆ ಹೋಗುವ ದಾರಿಯಲ್ಲಿ ಎಂಬುದು ಚರ್ಚಾಕೂಟಗಳಲ್ಲಿ ಸೋತವರೆಲ್ಲರ ಅನುಭವ. ಈ ಸಂಚಿಕೆಗೆ ಲೇಖನ ಬೇಕೆಂದು ಸಂಪಾದಕರು ಕೇಳಿದ್ದರಿಂದ, ಅಂದಿನ ಆ ಎರಡು ಪ್ರಶ್ನೆಗಳ ಸಾಲವನ್ನು ಇಲ್ಲಿ ತೀರಿಸಲು ಯತ್ನಿಸಿದ್ದೇನೆ.

ಮೊದಲು ಕಥೆಯನ್ನು ಅರಿಯದವರಿಗಾಗಿ ಎರಡು ಮಾತು. ಗ್ರೀಕರ ಆದಿಕವಿ ಹೋಮರನದೆಂದು ಹೇಳುವ 'ಒಡಿಸ್ಸಿ' ಮಹಾಕಾವ್ಯದ ನಾಯಕ ಒಡಿಸ್ಯೂಸ್, ಇಥಾಕ ಎಂಬ ದ್ವೀಪದ ಅರಸು. ಟ್ರಾಯ್ ನಗರದ ಯುದ್ಧದಲ್ಲಿ ಹತ್ತು ವರ್ಷ, ಮರಳಿ ಬರುವ ಸಮುದ್ರಯಾನದಲ್ಲಿ ಮತ್ತೆ ಹತ್ತು ವರ್ಷ, ಹೀಗೆ ಇಪ್ಪತ್ತು ವರ್ಷ ಅವನು ಮನೆಯಿಂದ ದೂರವಿದ್ದ. ದಾರಿಯಲ್ಲಿ ಅವನ ಹಡಗು ಒಂದು ಒಂಟಿ ದ್ವೀಪವನ್ನು ಮುಟ್ಟುತ್ತದೆ. ಅಲ್ಲಿ ಸೂರ್ಯದೇವನ ಮಗಳು ಸರ್ಸಿ ವಾಸವಾಗಿದ್ದಾಳೆ. ಅವಳು ಮದ್ದು ಬೆರೆಸಿದ ಉಣಿಸನ್ನು ಕೊಟ್ಟು ನಾವಿಕರನ್ನು ಹಂದಿಗಳನ್ನಾಗಿ ಮಾಡುತ್ತಾಳೆ. ಹರ್ಮಿಸ್ ಎಂಬ ದೇವತೆ ಕೊಟ್ಟ ಒಂದು ಬೇರಿನ ಬಲದಿಂದ ಒಡಿಸ್ಯೂಸ್ ಅವಳ ಮಾಯೆಗೆ ಸಿಕ್ಕದೆ, ಅವಳನ್ನು ಬೆದರಿಸಿ, ತನ್ನವರನ್ನು ಬಿಡಿಸಿಕೊಳ್ಳುತ್ತಾನೆ. ಆಮೇಲೆ ಒಂದು ವರ್ಷ ಅಲ್ಲಿಯೇ ಸುಖವಾಗಿದ್ದು, ಮುಂದಿನ ದಾರಿಯ ಅಪಾಯಗಳನ್ನೆಲ್ಲ ಅವಳಿಂದಲೇ ತಿಳಿದುಕೊಂಡು ಹೊರಟುಹೋಗುತ್ತಾನೆ. ಕಾವ್ಯ ಅವನ ಹಿಂದೆ ಹೋಗುತ್ತದೆ. ದ್ವೀಪದಲ್ಲಿ ಉಳಿದವಳ ಗತಿ ಏನಾಯಿತೆಂದು ಕೇಳುವವರಿಲ್ಲ.

ಇಲ್ಲಿ ಗಮನಿಸತಕ್ಕ ಒಂದು ಸಂಗತಿಯುಂಟು. ಸರ್ಸಿಯ ಪ್ರಕರಣವನ್ನು ಹೋಮರನು ತನ್ನ ಬಾಯಿಂದ ಹೇಳುವುದಿಲ್ಲ. ಅನ್ಯದೇಶದ ಒಬ್ಬ ಅರಸನ ಸಭೆಯಲ್ಲಿ, ಊಟವಾದ ಬಳಿಕ, ಒಡಿಸ್ಯೂಸನೇ ಅದನ್ನು ಹೇಳುತ್ತಾನೆ. ಎಂದರೆ ಸರ್ಸಿ ಎಂಥವಳು ಎಂಬುದಕ್ಕೆ ನಮಗಿರುವ ಸಾಕ್ಷಿ ಒಬ್ಬನದೇ. ಅವನಾದರೋ ಮಾತಿನ ಮಲ್ಲ, ಸುಳ್ಳು ಹೇಳುವುದರಲ್ಲಿ ನಿಸ್ಸೀಮನೆಂದು ಕಾವ್ಯವೇ ಹೊಗಳಿದ ಪುರುಷ! ನ್ಯಾಯಾಲಯದಲ್ಲಾದರೆ ಇಂಥ ಸಾಕ್ಷಿಯನ್ನು ಪಾಟೀಸವಾಲಿಲ್ಲದೆ ಒಪ್ಪುತ್ತಿದ್ದರೇ?

ಅಮೆರಿಕದ ಲೇಖಕಿ ಮ್ಯಾಡೆಲಿನ್ ಮಿಲ್ಲರ್ 2018ರಲ್ಲಿ ಪ್ರಕಟಿಸಿದ 'ಸರ್ಸಿ' ಕಾದಂಬರಿ ಆ ಪಾಟೀಸವಾಲನ್ನು ಮಾಡುತ್ತದೆ. ಇಲ್ಲಿ ಕಥೆಯನ್ನು ಹೇಳುವವಳು ಸರ್ಸಿಯೇ. ದೇವತೆಗಳ ಮನೆಯಲ್ಲಿ ಹುಟ್ಟಿಯೂ ರೂಪದಲ್ಲಿ, ದನಿಯಲ್ಲಿ ಕಡಮೆಯೆನಿಸಿಕೊಂಡ ಹುಡುಗಿ ಅವಳು. ಒಬ್ಬ ಮೀನುಗಾರನನ್ನು ಪ್ರೀತಿಸಿ ತನ್ನ ಮದ್ದಿನ ಬಲದಿಂದ ಅವನನ್ನು ದೇವನನ್ನಾಗಿ ಮಾಡುತ್ತಾಳೆ. ದೇವನಾದವನು ಬೇರೊಬ್ಬಳನ್ನು ಮೆಚ್ಚಿದಾಗ ಹೊಟ್ಟೆಕಿಚ್ಚಿನಿಂದ ಆ ಇನ್ನೊಬ್ಬಳನ್ನು ಸಿಲ್ಲಾ ಎಂಬ ಘೋರರೂಪಿಯನ್ನಾಗಿ ಮಾಡಿಬಿಡುತ್ತಾಳೆ. ಮುಂದೆ ಆ ಸಿಲ್ಲಾ ಎಷ್ಟೋ ನಾವಿಕರನ್ನು ನುಂಗುತ್ತದೆ. ಪ್ರತಿಯೊಂದು ಸಾವೂ ತನ್ನ ಲೆಕ್ಕಕ್ಕೇ ಸೇರಿತೆಂದು ಸರ್ಸಿ ಕೊರಗುತ್ತಾಳೆ. ಮದ್ದಿನ ವಿದ್ಯೆಗೆ ಶಿಕ್ಷೆಯಾಗಿ ಅವಳನ್ನು ದ್ವೀಪಕ್ಕೆ ಗಡಿಪಾರು ಮಾಡುತ್ತಾರೆ. ಅಲ್ಲಿ ಅವಳು ಸೊಪ್ಪು, ಬೇರುಗಳನ್ನು ಆಯ್ದು, ಕುದಿಸಿ, ಸೋಸಿ, ಕೆಡಿಸಿ, ಮತ್ತೆ ಮಾಡಿ ಕಲಿಯುತ್ತಾಳೆ. ಹಸಿದು ಬಂದ ನಾವಿಕರಿಗೆ ಮೊದಲು ಮನಸಾರೆ ಊಟವಿಕ್ಕಿದವಳೂ ಅವಳೇ. ಮನೆಯಲ್ಲಿ ಗಂಡಸರಿಲ್ಲವೆಂದು ತಿಳಿದೊಡನೆ ಆ ಅತಿಥಿಗಳು ಅವಳ ಮೇಲೆ ಎರಗಿದ ಬಳಿಕವೇ ಹಂದಿಗಳ ಕಥೆ ಆರಂಭವಾಗುವುದು. ಒಡಿಸ್ಯೂಸ್ ಬಂದು ಹೋಗುವುದು ಪುಸ್ತಕದ ಒಂದು ಭಾಗ ಮಾತ್ರ. ಅವನು ಹೋದ ಬಳಿಕ ಅವಳು ಅವನ ಮಗನನ್ನು ಹೆತ್ತು, ಒಂಟಿಯಾಗಿ, ರಾತ್ರಿಯ ನಿದ್ದೆಗೆಟ್ಟು ಸಾಕುತ್ತಾಳೆ. ಅಳುವ ಕೂಸನ್ನು ಸಮಾಧಾನಪಡಿಸಲಾರದೆ ದೇವತೆಯೊಬ್ಬಳು ಬೇಸತ್ತು ಕೂತ ಪುಟಗಳನ್ನು ಓದುವಾಗ, ನನಗೆ ಗ್ರೀಸು ನಮ್ಮ ಹೊಳೆಯಾಚೆಯಷ್ಟೇ ದೂರದಲ್ಲಿದ್ದಂತೆ ತೋರಿತು.

ಇನ್ನು ಮೊದಲನೆಯ ಪ್ರಶ್ನೆಗೆ ಬರೋಣ: ತಿರುಚುವ ಅಧಿಕಾರ ಕೊಟ್ಟವರು ಯಾರು?

ಪುರಾಣಕ್ಕೆ ಒಂದೇ ಒಂದು ನಿಜವಾದ ರೂಪವಿದೆಯೆಂದು ಈ ಪ್ರಶ್ನೆ ಮೊದಲೇ ಗ್ರಹಿಸಿಕೊಂಡಿದೆ. ಗ್ರೀಕರೇ ಹಾಗೆ ಗ್ರಹಿಸಿರಲಿಲ್ಲ. ಕ್ರಿಸ್ತಪೂರ್ವ 412ರಲ್ಲಿ ಯೂರಿಪಿಡೀಸ್ ಕವಿಯು ತನ್ನ 'ಹೆಲೆನ್' ನಾಟಕದಲ್ಲಿ, ಟ್ರಾಯ್ ನಗರಕ್ಕೆ ಹೋದದ್ದು ಹೆಲೆನಳ ಮಾಯಾರೂಪ, ನಿಜವಾದ ಹೆಲೆನ್ ಈಜಿಪ್ಟಿನಲ್ಲಿದ್ದಳು ಎಂದು ಆಡಿ ತೋರಿಸಿದ. ಹತ್ತು ವರ್ಷದ ಯುದ್ಧವೇ ನೆರಳಿಗಾಗಿ ನಡೆದದ್ದಾಯಿತು! ಸರ್ಸಿಯ ಮಗ ಟೆಲೆಗೊನಸನ ಕೈಯಿಂದ ಒಡಿಸ್ಯೂಸ್ ಮಡಿದನೆಂಬ ಕಥೆಯೂ ಮಿಲ್ಲರರ ಕಲ್ಪನೆಯಲ್ಲ. ಈಗ ಲುಪ್ತವಾಗಿರುವ 'ಟೆಲೆಗೊನಿ' ಎಂಬ ಪ್ರಾಚೀನ ಕಾವ್ಯದಲ್ಲಿ ಅದು ಇತ್ತು. ಲೇಖಕಿ ಹಳೆಯ ಮನೆಯ ಮುಚ್ಚಿದ ಕೋಣೆಯೊಂದನ್ನು ತೆರೆದರು, ಅಷ್ಟೆ.

ನಮ್ಮ ಸಂಗತಿ ಇದಕ್ಕಿಂತ ಬೇರೆಯೇ? 941ರಲ್ಲಿ ಪಂಪನು ಭಾರತವನ್ನು ಕನ್ನಡಕ್ಕೆ ತಂದಾಗ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮಡದಿಯಾಗಿಸಿದ. ನಾಗಚಂದ್ರನ ಜೈನ ರಾಮಾಯಣದಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ಆ ರಾವಣನ ಅಳಲಿಗೂ ಕವಿ ಕಿವಿಗೊಟ್ಟಿದ್ದಾನೆ. ಇವೆಲ್ಲ ದೂರದ ಮಾತಾಯಿತೆಂದರೆ ನಮ್ಮ ಮುದ್ದಣನನ್ನು ನೋಡಬಹುದು. ಕಾರ್ಕಳದ ಬಳಿಯ ನಂದಳಿಕೆಯಲ್ಲಿ ಹುಟ್ಟಿ, ಉಡುಪಿ ಕುಂದಾಪುರಗಳ ಶಾಲೆಗಳಲ್ಲಿ ಹುಡುಗರಿಗೆ ವ್ಯಾಯಾಮ ಕಲಿಸುತ್ತ, 1901ರಲ್ಲಿ ಇನ್ನೂ ಎಳೆಯ ವಯಸ್ಸಿನಲ್ಲೇ ತೀರಿಕೊಂಡ ಬಡ ಉಪಾಧ್ಯಾಯ ಆತ. ಅವನ 'ಅದ್ಭುತ ರಾಮಾಯಣ'ದಲ್ಲಿ ಸಾವಿರ ತಲೆಯ ರಾವಣನನ್ನು ಸಂಹರಿಸುವವಳು ಸೀತೆ! 'ಶ್ರೀರಾಮಾಶ್ವಮೇಧ'ದಲ್ಲಂತೂ ಕಥೆ ಹೇಳುವವನಿಗೆ ಸರಿಸಮಾನವಾಗಿ ಕೇಳುವವಳೊಬ್ಬಳನ್ನು ಕೂರಿಸಿದ್ದಾನೆ. ಮನೋರಮೆ ಸುಮ್ಮನೆ ಕೇಳುವುದಿಲ್ಲ. ಅರ್ಥವಾಗದಿದ್ದರೆ ಅರ್ಥವಾಗಲಿಲ್ಲ ಎನ್ನುತ್ತಾಳೆ, ಹಾಸ್ಯ ಮಾಡುತ್ತಾಳೆ, ಹುಸಿಮುನಿಸು ತೋರುತ್ತಾಳೆ, ಗಂಡನ ಪಾಂಡಿತ್ಯವನ್ನು ನೆಲಕ್ಕಿಳಿಸುತ್ತಾಳೆ. ರಾಮಾಯಣ ಕೇಳುವ ಹೆಂಗಸಿಗೂ ಒಂದು ಬಾಯಿ ಉಂಟೆಂದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ನಮ್ಮ ಕರಾವಳಿಯ ಕವಿಗೆ ಹೊಳೆದಿತ್ತು.

ಪುಸ್ತಕವೇ ಬೇಡ, ಗದ್ದೆಗೆ ಹೋಗೋಣ. ನಮ್ಮ ಕಡೆ ಮಾರಣಕಟ್ಟೆ, ಮಂದಾರ್ತಿ, ಕಮಲಶಿಲೆ ಮೇಳಗಳ ಆಟವನ್ನು ನೋಡದೆ ಬೆಳೆದವರು ಕಡಮೆ. ಯಕ್ಷಗಾನದಲ್ಲಿ ಪದ್ಯ ಕವಿಯದು, ಅರ್ಥ ವೇಷಧಾರಿಯದು. ಭಾಗವತರು ಹಾಡಿದ ನಾಲ್ಕು ಸಾಲಿಗೆ ಪಾತ್ರಧಾರಿ ತನ್ನದೇ ಮಾತಿನಲ್ಲಿ ಕಾಲು ಗಂಟೆ ವಾದಿಸಬಲ್ಲ. 'ಭೀಷ್ಮವಿಜಯ'ದ ಅಂಬೆಯನ್ನು ನೆನಪಿಸಿಕೊಳ್ಳಿ. ಸ್ವಯಂವರದಿಂದ ಎಳೆದು ತಂದವನಿಗೂ ಬೇಡವಾಗಿ, ಮನಮೆಚ್ಚಿದ ಸಾಲ್ವನಿಗೂ ಬೇಡವಾಗಿ ನಡುದಾರಿಯಲ್ಲಿ ನಿಂತ ಹೆಣ್ಣು ಭೀಷ್ಮನನ್ನು ಪ್ರಶ್ನಿಸುತ್ತಾಳೆ. ಒಳ್ಳೆಯ ಅರ್ಥಗಾರಿಕೆಯ ದಿನ ಭೀಷ್ಮನ ಪ್ರತಿಜ್ಞೆಯೇ ಕಟಕಟೆಯಲ್ಲಿ ನಿಂತಂತಾಗುತ್ತದೆ. ನಿದ್ದೆಗಣ್ಣಿನ ಪ್ರೇಕ್ಷಕರು ನೆಟ್ಟಗೆ ಕೂರುತ್ತಾರೆ. ಯಾರಾದರೂ ಎದ್ದು, "ಪುರಾಣವನ್ನು ತಿರುಚಬೇಡಿ" ಎಂದು ಕೂಗಿದ್ದನ್ನು ನಾನು ಕಂಡಿಲ್ಲ. ಹಾಗಿರುವಾಗ, ರಾತ್ರಿಯ ಆಟದಲ್ಲಿ ಮೆಚ್ಚಿದ್ದನ್ನು ಹಗಲಿನ ಪುಸ್ತಕದಲ್ಲಿ ದೂರುವುದೇಕೆ? ಕಥೆಯ ಪದ್ಯ ಹಾಗೆಯೇ ಇರಲಿ. ಅರ್ಥ ಹೇಳುವ ಸರದಿ ಎಲ್ಲ ಪಾತ್ರಗಳಿಗೂ ಬರಲಿ ಎಂದಷ್ಟೇ ಈ ಕಾದಂಬರಿಗಳು ಕೇಳುತ್ತಿವೆ.

ಎರಡನೆಯ ಪ್ರಶ್ನೆ ಇದಕ್ಕಿಂತ ಕಠಿನವಾದದ್ದು. ಯಡ್ತರೆಯವರಿಗೆ ಇದರಿಂದ ಏನಾಗಬೇಕು? ಇದಕ್ಕೆ ಉತ್ತರ ಹೇಳಲು ನನ್ನ ಮನೆಯ ಮಾತನ್ನೇ ಎತ್ತಬೇಕಾಗಿದೆ, ಓದುಗರು ಕ್ಷಮಿಸಬೇಕು.

ನಮ್ಮ ಅಪ್ಪಯ್ಯ 2009ರಲ್ಲಿ ಮುಂಬಯಿಗೆ ಹೋಗಿ ಒಂದು ಹೊಟೇಲಿನಲ್ಲಿ ಕೆಲಸಕ್ಕೆ ನಿಂತರು. ಬೈಂದೂರು, ಕುಂದಾಪುರದ ಕಡೆಯಿಂದ ಹೊಟೇಲು ಕೆಲಸಕ್ಕೆ ಮುಂಬಯಿ, ಬೆಂಗಳೂರಿಗೆ ಹೋದವರಿಲ್ಲದ ಕೇರಿಯುಂಟೇ? ಆಗ ನನಗೆ ನಾಲ್ಕು ವರ್ಷ. ವರ್ಷಕ್ಕೊಮ್ಮೆ ಹದಿನೈದು ದಿನ ಅವರು ಮನೆಯಲ್ಲಿರುತ್ತಿದ್ದರು. 2020ರಲ್ಲಿ ಕೊರೋನ ಕಾಲದಲ್ಲಿ ಹೊಟೇಲು ಮುಚ್ಚಿ, ಊರಿಗೆ ಬಂದು, ಶಾಲೆಯೊಂದರಲ್ಲಿ ಕ್ವಾರಂಟೈನ್ ಮುಗಿಸಿ ಮನೆಗೆ ಬಂದವರು ಮತ್ತೆ ಹೋಗಲಿಲ್ಲ. ಹನ್ನೊಂದು ವರ್ಷದ ಕಥೆಗಳು ಅವರಲ್ಲಿದ್ದವು. ಜಗಲಿಯಲ್ಲಿ ಕುಳಿತು ಅವರು ಮುಂಬಯಿಯ ಮಳೆ, ಲೋಕಲ್ ರೈಲು, ಸೇಠುಗಳ ಸಿಟ್ಟು ಇವುಗಳನ್ನು ವರ್ಣಿಸುವಾಗ ನೆರೆಹೊರೆಯವರು ಬಾಯಿ ತೆರೆದು ಕೇಳುತ್ತಿದ್ದರು. ಅಮ್ಮ ಒಳಗಿನಿಂದ ಚಹ ತಂದು ಕೊಡುತ್ತಿದ್ದಳು.

ಅದಾದ ಒಂದೆರಡು ವರ್ಷಕ್ಕೆ ನಮ್ಮ ಬಳಿಯಲ್ಲೇ ಹರಕೆಯ ಆಟವೊಂದಾಯಿತು. ರಾಮ, ಸೀತೆ, ಲಕ್ಷ್ಮಣರು ನಾರುಮಡಿಯುಟ್ಟು ಕಾಡಿಗೆ ಹೊರಡುವ ಪ್ರಸಂಗ. ಬೆಳಗಿನ ಜಾವ ಮನೆಗೆ ಮರಳುವಾಗ ಅಪ್ಪಯ್ಯ ಲಕ್ಷ್ಮಣನ ವೇಷವನ್ನು ಹೊಗಳುತ್ತಿದ್ದರು. ಅಮ್ಮ ಟಾರ್ಚು ಹಿಡಿದು ಮುಂದೆ ನಡೆಯುತ್ತಿದ್ದವಳು, ಹಿಂತಿರುಗದೆಯೇ ನನ್ನನ್ನು ಕೇಳಿದಳು: "ಅಲ್ಲ ಮಗಾ, ಹದ್ನಾಕ್ ವರ್ಷ ಆ ಹೆಣ್ಣ್ ಎಂತ ಮಾಡ್ತಿದ್ದಿತ್ ಅಂದ್ ಯಾರಾರೂ ಕೇಂಡ್ರಾ?"

ಯಾವ ಹೆಣ್ಣು ಎಂದು ನಾನು ಕೇಳಬೇಕಾಯಿತು. "ಲಕ್ಷ್ಮಣನ ಹೆಂಡ್ತಿ" ಎಂದಳು ಅಮ್ಮ. ಅವಳು ಓದಿರುವುದು ಏಳನೆಯ ತರಗತಿ.

ಬಂಗಾಳದ ರವೀಂದ್ರನಾಥ ಠಾಕೂರರು ಒಂದು ನೂರು ವರ್ಷಕ್ಕೂ ಹಿಂದೆ ಇದೇ ಪ್ರಶ್ನೆಯನ್ನು ಕೇಳಿದ್ದರೆಂಬುದು ನನಗೆ ಆಮೇಲೆ ತರಗತಿಯಲ್ಲಿ ತಿಳಿಯಿತು. ಕಾವ್ಯದ ಉಪೇಕ್ಷಿತೆಯರನ್ನು ಕುರಿತ ತಮ್ಮ ಪ್ರಬಂಧದಲ್ಲಿ ಅವರು ಮೊದಲು ಹೆಸರಿಸಿದವಳು ಊರ್ಮಿಳೆ. ವಾಲ್ಮೀಕಿ ರಾಮಾಯಣದಲ್ಲಿ ಮದುವೆಯ ಸಂದರ್ಭದಲ್ಲಿ ಅವಳ ಹೆಸರು ಬರುತ್ತದೆ. ಕಾಡಿಗೆ ನಾನೂ ಬರುತ್ತೇನೆಂದು ಸೀತೆ ವಾದ ಹೂಡುತ್ತಾಳೆ, ಗೆಲ್ಲುತ್ತಾಳೆ. ಅವಳ ತಂಗಿಗೆ ಆ ಹೊತ್ತಿನಲ್ಲಿ ಒಂದು ಶ್ಲೋಕವೂ ಇಲ್ಲ. ಠಾಕೂರರ ಪ್ರಶ್ನೆ ಬೀಜದಂತೆ ಹಲವು ಭಾಷೆಗಳಲ್ಲಿ ಮೊಳೆಯಿತು. ಹಿಂದಿಯಲ್ಲಿ ಮೈಥಿಲೀಶರಣ ಗುಪ್ತರು 'ಸಾಕೇತ'ವನ್ನು ಬರೆದು ಊರ್ಮಿಳೆಯ ವಿರಹಕ್ಕೆ ದೊಡ್ಡ ಸ್ಥಾನ ಕೊಟ್ಟರು. ಕನ್ನಡದಲ್ಲಿ ಕುವೆಂಪು ಅವರ 'ಶ್ರೀರಾಮಾಯಣ ದರ್ಶನಂ' 1949ರಲ್ಲಿ ಹೊರಬಂತು. 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ, 1967ರ ಸಾಲಿನ ಜ್ಞಾನಪೀಠ ಇವೆರಡನ್ನೂ ಪಡೆಯಿತು. ಅದರಲ್ಲಿ ಊರ್ಮಿಳೆ ತಪಸ್ವಿನಿ. ಕಾಡಿಗೆ ಹೋದವರ ತಪಸ್ಸಿಗಿಂತ ಉಳಿದವಳ ತಪಸ್ಸು ಕಡಮೆಯದಲ್ಲವೆಂದು ಕವಿ ಅವಳಿಗೆ ಕೈಮುಗಿದಿದ್ದಾರೆ. ಮಂಥರೆಯನ್ನೂ ಅವರು ದೂಡಲಿಲ್ಲ. ಆ ಸಂಚಿಕೆಗೆ 'ಮಮತೆಯ ಸುಳಿ ಮಂಥರೆ' ಎಂದೇ ಹೆಸರಿಟ್ಟು, ಗೂನುಬೆನ್ನಿನ ದಾಸಿಯ ಎದೆಯಲ್ಲೂ ಪ್ರೀತಿಯನ್ನು ಕಂಡರು. ಕನ್ನಡದ ಭಾಗ್ಯವೆಂದರೆ ಇದೇ.

ಆದರೂ ಇಲ್ಲಿ ನನ್ನದೊಂದು ವಿನಮ್ರ ಭಿನ್ನಾಭಿಪ್ರಾಯವುಂಟು. ಮಹಾಕವಿಯ ಮುಂದೆ ನಿಂತು ಮಾತನಾಡುವ ಯೋಗ್ಯತೆ ನನ್ನದಲ್ಲ. ಆದರೆ ವಿದ್ಯಾರ್ಥಿಗೆ ಸಂಶಯ ಪಡುವ ಹಕ್ಕು ಉಂಟಷ್ಟೆ. ಊರ್ಮಿಳೆಯನ್ನು ಮೊದಲು ಮರೆತೆವು. ಆಮೇಲೆ ತಪಸ್ವಿನಿಯೆಂದು ಪೂಜಿಸಿದೆವು. ಮರೆತಾಗಲೂ ಅವಳು ಮಾತನಾಡಲಿಲ್ಲ, ಪೂಜಿಸುವಾಗಲೂ ಅವಳ ದಿನಚರಿ ನಮಗೆ ತಿಳಿಯಲಿಲ್ಲ. ತಪಸ್ವಿನಿಗೆ ಸಿಟ್ಟು ಬರುವಂತಿಲ್ಲ, ಅತ್ತೆಯೊಡನೆ ಜಗಳವಾಡುವಂತಿಲ್ಲ, ಗಂಡನ ಮೇಲೆ ದೂರು ಹೇಳುವಂತಿಲ್ಲ. ನಮ್ಮಮ್ಮನನ್ನೂ ಊರವರು ಹೊಗಳುತ್ತಾರೆ. "ನಿಮ್ಮ ಅಮ್ಮ ಭೂಮಿತಾಯಿ" ಎಂದು ಎಷ್ಟೋ ಮಂದಿ ನನಗೆ ಹೇಳಿದ್ದಾರೆ. ಹೊಗಳಿದ ಮೇಲೆ ಕೇಳಲು ಏನೂ ಉಳಿಯುವುದಿಲ್ಲ. ಭೂಮಿತಾಯಿಯನ್ನು ಯಾರಾದರೂ, "ಮೊನ್ನೆ ಗುರುವಾರ ಏನು ಮಾಡಿದೆ?" ಎಂದು ಕೇಳುತ್ತಾರೆಯೇ?

'ಸರ್ಸಿ'ಯನ್ನು ಓದಿ ಮೆಚ್ಚಿದ್ದು ನಾನು ಈ ಕಾರಣಕ್ಕೆ. ಲೇಖಕಿ ತನ್ನ ನಾಯಿಕೆಗೆ ಕೈಮುಗಿಯಲಿಲ್ಲ. ಅವಳ ಹೊಟ್ಟೆಕಿಚ್ಚು, ಅವಳು ಮಾಡಿದ ಘಾತ, ಅವಳ ಒಣಜಂಬ ಎಲ್ಲವನ್ನೂ ಅವಳ ಬಾಯಿಂದಲೇ ಹೇಳಿಸಿದರು. ತಪ್ಪು ಮಾಡುವ ಅವಕಾಶ ಸಿಕ್ಕಿದ ಮೇಲೆಯೇ ಆ ದೇವತೆ ನನಗೆ ಮನುಷ್ಯಳಾಗಿ ಕಂಡದ್ದು. ತೆಲುಗಿನ ಹೆಂಗಸರು ಹಾಡಿಕೊಂಡು ಬಂದಿರುವ 'ಊರ್ಮಿಳಾದೇವಿಯ ನಿದ್ರೆ' ಎಂಬ ಹಾಡಿನಲ್ಲಿಯೂ ಇಂಥ ಒಂದು ಸಂಗತಿಯುಂಟು. ಗಂಡ ಕಾಡಿನಲ್ಲಿ ನಿದ್ದೆಯಿಲ್ಲದೆ ಕಾವಲಿದ್ದ ಹದಿನಾಲ್ಕು ವರ್ಷವೂ ಊರ್ಮಿಳೆ ಮಲಗಿಯೇ ಇದ್ದಳಂತೆ. ಅವನು ಬಂದು ಎಬ್ಬಿಸಿದಾಗ ಗುರುತು ಹತ್ತದೆ, ಪರಪುರುಷನೆಂದು ತಿಳಿದು ಚೆನ್ನಾಗಿ ಬಯ್ದುಬಿಡುತ್ತಾಳೆ! ಅಡುಗೆಮನೆಯಲ್ಲಿ ಹುಟ್ಟಿದ ಈ ಹಾಡು ಪಂಡಿತರ ತಪಸ್ವಿನಿಗಿಂತ ಊರ್ಮಿಳೆಗೆ ಹತ್ತಿರವಾದದ್ದೆಂದು ನನಗೆ ತೋರುತ್ತದೆ. ಬಯ್ಯಲಾದರೂ ಅವಳು ಬಾಯಿ ಬಿಟ್ಟಳು.

ಕಾದಂಬರಿಯನ್ನು ಓದಿ ಮುಗಿಸಿದ ರಾತ್ರಿ ನಾನು ಅಮ್ಮನನ್ನು ಕೇಳಿದೆ. ಅವಳು ತೆಂಗಿನ ಮಡಲಿನಿಂದ ಕಡ್ಡಿ ಹೆರೆಯುತ್ತಿದ್ದಳು; ಅಪ್ಪಯ್ಯ ಜಗಲಿಯಲ್ಲಿದ್ದರು. ಆ ಹನ್ನೊಂದು ವರ್ಷ ನೀನು ಏನು ಮಾಡುತ್ತಿದ್ದೆ ಎಂದೆ. "ಎಂತ ಮಾಡುದ್? ನಿಮ್ಮನ್ನ್ ಸಾಕುದ್" ಎಂದು ನಕ್ಕಳು. ನಾನು ಬಿಡಲಿಲ್ಲ. ಬಹಳ ಹೊತ್ತಿನ ಬಳಿಕ ಒಂದೊಂದೇ ಹೊರಗೆ ಬಂತು.

ಅಡಿಕೆ ಮರ ಮಾಡಿಗೆ ಬಿದ್ದು ಹಂಚೊಡೆದ ರಾತ್ರಿ, ನಮ್ಮಿಬ್ಬರು ಮಕ್ಕಳನ್ನು ಮೇಜಿನ ಕೆಳಗೆ ಮಲಗಿಸಿ, ಬೆಳಗಿನವರೆಗೆ ತಾನೊಬ್ಬಳೇ ಪಾತ್ರೆಗಳಲ್ಲಿ ನೀರು ಹಿಡಿದು ಹೊರಗೆ ಚೆಲ್ಲಿದ್ದು. ಮಾರನೆಯ ದಿನ ಫೋನಿನಲ್ಲಿ ಅಪ್ಪಯ್ಯನಿಗೆ, "ಇಲ್ಲಿ ಎಂತದೂ ಇಲ್ಲೆ, ಮಳೆ ಒಳ್ಳೇದಿತ್" ಎಂದದ್ದು. ಹಂಚು ಹೊದೆಸಲು ಕುತ್ತಿಗೆಯ ಸರವನ್ನು ಅಡವಿಟ್ಟು, ಸ್ವಸಹಾಯ ಸಂಘದ ಸಾಲದಲ್ಲಿ ಮೂರು ವರ್ಷಕ್ಕೆ ಬಿಡಿಸಿಕೊಂಡದ್ದು. ಆ ಮೂರು ವರ್ಷ ಅಪ್ಪಯ್ಯ ಊರಿಗೆ ಬಂದಾಗಲೆಲ್ಲ ನೆರೆಮನೆಯವರ ಸರವನ್ನು ಕೇಳಿ ಹಾಕಿಕೊಂಡದ್ದು. ಅಜ್ಜಿ ಹಾಸಿಗೆ ಹಿಡಿದ ವರ್ಷ ಅವರೊಡನೆ ಬಿರುಸಾಗಿ ಮಾತನಾಡಿದ್ದು. ಅದನ್ನು ನೆನೆದರೆ ಈಗಲೂ ಅನ್ನ ಇಳಿಯುವುದಿಲ್ಲ ಎಂದಳು. ಕೊನೆಗೆ ಇನ್ನೊಂದು ಮಾತು. ಎರಡನೆಯ ವರ್ಷ ರಜೆ ಮುಗಿಸಿ ಅಪ್ಪಯ್ಯ ಹೊರಡುವ ದಿನ, ಅವಳು ಒಂದು ಚೀಲಕ್ಕೆ ಎರಡು ಸೀರೆ, ನನ್ನ ಅಂಗಿಗಳನ್ನು ತುಂಬಿ ಬಾಗಿಲ ಬಳಿ ಇಟ್ಟಿದ್ದಳಂತೆ. ತಾನಾಗಿ ಬಾಯಿ ಬಿಟ್ಟು ಕೇಳಲಿಲ್ಲ. ಅವರಾಗಿ ನೋಡಿ ಇದೇನೆಂದು ಕೇಳಲಿ ಎಂದು ಕಾದಳು. ರೈಲಿನ ಹೊತ್ತಾಗಿತ್ತು. ಅವರು ಚೀಲವನ್ನು ದಾಟಿಕೊಂಡು ಹೊರಟರು. ಸ್ಟೇಶನಿನಿಂದ ಬಂದು ಸೀರೆಗಳನ್ನು ಮತ್ತೆ ಮಡಚಿ ಪೆಟ್ಟಿಗೆಗಿಟ್ಟಳು.

ಜಗಲಿಯಿಂದ ಏನೂ ಸದ್ದಿರಲಿಲ್ಲ. ಬಹಳ ಹೊತ್ತಾದ ಮೇಲೆ ಅಪ್ಪಯ್ಯ ಒಳಗೆ ಬಂದು, "ಅಲ್ಲಿ ನಾವ್ ಹತ್ತ್ ಜನ ಒಂದೇ ಕೋಣೆಯಾಗ್ ಮಲ್ಕಂತಿದ್ದಿತ್" ಎಂದರು. ಅದು ಸುಳ್ಳಲ್ಲ. ಕರೆದುಕೊಂಡು ಹೋಗಿದ್ದರೆ ಇಡಲು ಜಾಗವೇ ಇರಲಿಲ್ಲ. ಅಮ್ಮನಿಗೂ ಅದು ಗೊತ್ತಿತ್ತು. "ಕೇಂಡದ್ದ್ ಈಗಲ್ದಾ" ಎಂದಷ್ಟೇ ಹೇಳಿ ಕಡ್ಡಿಗಳನ್ನು ಕಟ್ಟತೊಡಗಿದಳು. ಇದರಲ್ಲಿ ಖಳನಾಯಕರು ಯಾರೂ ಇಲ್ಲ. ಆದರೆ ನಮ್ಮ ಮನೆಯ ಪುರಾಣ ಹನ್ನೊಂದು ವರ್ಷವೂ ಒಬ್ಬರ ಬಾಯಲ್ಲೇ ಇತ್ತು. ಆ ರಾತ್ರಿ ಮೊದಲ ಸಲ ಅದಕ್ಕೆ ಎರಡನೆಯ ಅರ್ಥಧಾರಿ ದೊರೆತರು. ಕಥೆ ಕೆಟ್ಟಿತೆಂದು ನನಗನಿಸಲಿಲ್ಲ. ಅಪ್ಪಯ್ಯನ ಮುಂಬಯಿಯೂ ನನಗೆ ಅಂದಿನಿಂದ ಹೆಚ್ಚು ನಿಜವಾಗಿದೆ. ಆ ಹತ್ತು ಮಂದಿಯ ಕೋಣೆಯನ್ನು ಅವರು ಅದುವರೆಗೆ ಜಗಲಿಯಲ್ಲಿ ಒಮ್ಮೆಯೂ ವರ್ಣಿಸಿರಲಿಲ್ಲ.

ಹೋಮರನ ಕಾವ್ಯದ ಕೊನೆಯಲ್ಲಿಯೂ ಇಂಥ ಒಂದು ರಾತ್ರಿ ಬರುತ್ತದೆ. ಇಪ್ಪತ್ತು ವರ್ಷದ ಮೇಲೆ ಒಡಿಸ್ಯೂಸನೂ ಅವನ ಮಡದಿ ಪೆನೆಲೊಪಿಯೂ ತಂತಮ್ಮ ಕಷ್ಟಗಳನ್ನು ಹೇಳಿಕೊಳ್ಳುತ್ತಾರೆ. ಅವಳು ಹೇಳಿದ್ದಕ್ಕೆ ಕವಿ ಕೊಟ್ಟದ್ದು ಕೆಲವೇ ಸಾಲು. ಅವನು ಹೇಳಿದ್ದಕ್ಕೆ ಅದರ ಹಲವು ಪಾಲು. ಮಿಲ್ಲರರ ಕಾದಂಬರಿಯಲ್ಲಿ, ಗಂಡ ಮಡಿದ ಬಳಿಕ ಪೆನೆಲೊಪಿಯು ಮಗನೊಡನೆ ಸರ್ಸಿಯ ದ್ವೀಪಕ್ಕೇ ಬರುತ್ತಾಳೆ. ಸವತಿಯರೆನ್ನಬಹುದಾದ ಇಬ್ಬರು ಒಬ್ಬನ ಕುರಿತು ತಮಗೆ ತಿಳಿದದ್ದನ್ನು ಸೇರಿಸಿ ನೋಡುವ ಆ ಭಾಗವೇ ಪುಸ್ತಕದಲ್ಲಿ ನನಗೆ ಹೆಚ್ಚು ಮೆಚ್ಚಿಗೆಯಾದದ್ದು.

ಹಾಗೆಂದು ಈ ಬಗೆಯ ಕೃತಿಗಳೆಲ್ಲ ದೋಷರಹಿತವೆಂದು ನಾನು ಹೇಳಲಾರೆ. 'ಸರ್ಸಿ'ಯಲ್ಲಿ ಬರುವ ಗಂಡಸರಲ್ಲಿ ಒಳ್ಳೆಯವರನ್ನು ಬೆರಳೆಣಿಸಬಹುದು. ದ್ವೀಪದಲ್ಲಿ ಅವಳ ಊಳಿಗಕ್ಕೆಂದು ಕಳುಹಿಸಲ್ಪಟ್ಟ ಅಪ್ಸರೆಯರಂಥ ಹುಡುಗಿಯರಿದ್ದಾರೆ. ಅವರೂ ತಂದೆಯರ ಸಿಟ್ಟಿಗೆ ಗುರಿಯಾಗಿ ಬಂದವರೇ. ಆದರೆ ಅವರ ಮಾತನ್ನು ಕೇಳಲು ನಾಯಿಕೆಗೂ ಪುರುಸೊತ್ತಿಲ್ಲ, ಲೇಖಕಿಗೂ ಇಲ್ಲ. ಒಬ್ಬಳನ್ನು ಕತ್ತಲೆಯಿಂದ ಬೆಳಕಿಗೆ ತಂದಾಗ ಅವಳ ನೆರಳಿನಲ್ಲಿ ಇನ್ನೊಬ್ಬಳು ಉಳಿಯುತ್ತಾಳೆ. ಕೆನಡಾದ ಮಾರ್ಗರೆಟ್ ಅಟ್ವುಡ್ 2005ರಲ್ಲಿ ಪೆನೆಲೊಪಿಯ ಕಥೆಯನ್ನು ಬರೆದಾಗ, ಒಡಿಸ್ಯೂಸ್ ಮರಳಿ ಬಂದ ದಿನ ನೇಣಿಗೇರಿದ ಹನ್ನೆರಡು ಮಂದಿ ದಾಸಿಯರಿಗೂ ಬಾಯಿ ಕೊಟ್ಟರು. ಅದು ಸರಿಯಾದ ನಡೆ. ಕನ್ನಡದಲ್ಲಿ ಅನುಪಮಾ ನಿರಂಜನರು 1970ರ ದಶಕದಲ್ಲಿ ಬರೆದ 'ಮಾಧವಿ' ಕಾದಂಬರಿ ಇಂಥ ಧೈರ್ಯದ್ದು. ಗುರುದಕ್ಷಿಣೆಯ ಕುದುರೆಗಳಿಗಾಗಿ ಯಯಾತಿಯ ಮಗಳನ್ನು ಒಬ್ಬ ಅರಸನಿಂದ ಇನ್ನೊಬ್ಬ ಅರಸನಿಗೆ ಒಯ್ದ ಕಥೆ ಮಹಾಭಾರತದ ಉದ್ಯೋಗಪರ್ವದಲ್ಲಿದೆ. ಕುದುರೆಗಳ ಲೆಕ್ಕ ಅಲ್ಲಿ ಚೆನ್ನಾಗಿ ಸಿಗುತ್ತದೆ, ಅವಳ ಮನಸ್ಸಿನ ಲೆಕ್ಕವನ್ನು ನಾವು ಕಾದಂಬರಿಯಲ್ಲೇ ಓದಬೇಕು. 2017ರಲ್ಲಿ ಎಸ್. ಎಲ್. ಭೈರಪ್ಪನವರ 'ಉತ್ತರಕಾಂಡ' ಸೀತೆಯ ಕಣ್ಣಿನಿಂದ ರಾಮಾಯಣವನ್ನು ನೋಡಿತು. ಈ ಎರಡು ಪುಸ್ತಕಗಳನ್ನೂ ಓದಿ, ಒಪ್ಪದಿದ್ದರೆ ಕಾರಣ ಹೇಳಿ ಜಗಳವಾಡಿ ಎಂದು ಸಹಪಾಠಿಗಳಲ್ಲಿ ನನ್ನ ವಿನಂತಿ. ಓದದೆ, "ತಿರುಚಿದ್ದಾರೆ" ಎನ್ನುವುದು ಮಾತ್ರ ವಿದ್ಯಾವಂತರಿಗೆ ತಕ್ಕದ್ದಲ್ಲ.

ಕೊನೆಗೆ ಒಂದು ಸೂಚನೆ. ಮುಂದಿನ ವರ್ಷ ನಮ್ಮ ಕಾಲೇಜಿನಲ್ಲಿ ತಾಳಮದ್ದಳೆ ಏರ್ಪಡಿಸುವುದಾದರೆ, ಲಕ್ಷ್ಮಣನು ಕಾಡಿನಿಂದ ಮರಳಿದ ರಾತ್ರಿಯನ್ನು ಒಂದು ಪ್ರಸಂಗವಾಗಿ ಇಟ್ಟುಕೊಳ್ಳಬಾರದೇಕೆ? ಪದ್ಯಗಳನ್ನು ಕಟ್ಟಬಲ್ಲ ಮಿತ್ರರು ನಮ್ಮಲ್ಲಿದ್ದಾರೆ. ತಿದ್ದಿಕೊಡಲು ಕನ್ನಡ ಅಧ್ಯಾಪಕರಿದ್ದ ಮೇಲೆ ಅಂಜಿಕೆಯೇಕೆ? ಲಕ್ಷ್ಮಣನ ಅರ್ಥವನ್ನು, ನನ್ನನ್ನು ಅಂದು ಕೆಣಕಿದ ಆ ನೆರೆಮನೆಯ ಮಿತ್ರರೇ ಹೇಳಲಿ. ಅವರ ತಂದೆಯವರೂ ಬೆಂಗಳೂರಿನ ಹೊಟೇಲಿನಲ್ಲಿದ್ದವರೇ. ಊರ್ಮಿಳೆಯ ಅರ್ಥಕ್ಕೆ ನಾನು ಸಿದ್ಧ. ಹದಿನಾಲ್ಕು ವರ್ಷ ಏನು ಮಾಡಿದೆಯೆಂದು ಅವರು ಕೇಳಿದರೆ ತಪಸ್ಸು ಮಾಡಿದೆನೆಂದು ನಾನು ಹೇಳುವುದಿಲ್ಲ. ಮಾಡಿಗೆ ಬಿದ್ದ ಮರದ ಸಂಗತಿಯಿಂದ ಆರಂಭಿಸುತ್ತೇನೆ.